ತಮ್ಮ ಬಸ್ಸು ಓಡಿಸಿದ ದಾರಿ

ಹೆಬ್ರಿ

ಆ ಭಾನುವಾರ ಸಂಜೆ ಹೆಬ್ರಿಯಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿ, ಹೋಟೆಲಿನ ಹೊರಗಿನ ಬೆಂಚಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಉಡುಪಿಗೆ ಹಿಂತಿರುಗುವ ಟ್ರಿಪ್ಪಿಗೆ ಸ್ವಲ್ಪ ಹೊತ್ತಿತ್ತು. ತಮ್ಮ ಸುಧಾಕರನ ಫೋನು ಬಂತು. ಅವನಿಗೆ ಆಗ ಬೆಳಿಗ್ಗೆ. ಟೊರೊಂಟೊ ನಗರದ ಹೊರಗೆ, ಜಾರ್ಜ್‌ಟೌನ್ ಎಂಬ ಊರಲ್ಲಿ ಅವನೂ ಬಸ್ಸಿನ ಡ್ರೈವರ್. ಭಾನುವಾರ ಅವನಿಗೆ ಕ್ಲೈನ್‌ಬರ್ಗ್ ಎಂಬ ಹಳ್ಳಿಗೆ ಹೋಗುವ ಟ್ರಿಪ್ಪು. ಅಲ್ಲಿ ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಅವನು, ಹೆಬ್ರಿಯಲ್ಲಿ ನಿಲ್ಲಿಸಿಕೊಂಡು ನಾನು, ಹೀಗೆ ಮಾತಾಡುವುದು ನಮಗೆ ರೂಢಿಯಾಗಿತ್ತು.

"ಎಂತ ಅಣ್ಣ, ಚಹಾ ಆಯ್ತಾ?"

"ಕುಡೀತಾ ಇದ್ದೇನೆ. ಜನ ಉಂಟಾ ನಿನಗೆ?"

"ಬರುವಾಗ ನಾಲ್ಕೈದು ಮಂದಿ. ಹೋಗುವಾಗ ನಾನು ಮತ್ತೆ ದೇವರು."

"ದೇವರಿಗೆ ಟಿಕೆಟ್ ಕೊಟ್ಟಿಯಾ?"

"ಅವರಿಗೆ ಪಾಸ್ ಉಂಟಂತೆ."

ಆಮೇಲೆ ಅವನು ಕಂಪನಿಯ ವಿಷಯ ಹೇಳಿದ. ಅದು ಜಾರ್ಜ್‌ಟೌನಿನ ಒಂದೇ ಮನೆಯವರು ಎರಡು ತಲೆಮಾರು ನಡೆಸಿದ ಸಣ್ಣ ಕಂಪನಿ. ಅದನ್ನು ಯಾವುದೋ ದೂರದ ಪ್ರಾಂತ್ಯದ ದೊಡ್ಡ ಬಸ್ ಕಂಪನಿಗೆ ಮಾರಿದ್ದಾರೆ ಎಂದ. ಸುತ್ತಮುತ್ತಲಿನ ಇನ್ನೂ ಕೆಲವು ಸಣ್ಣ ಕಂಪನಿಗಳನ್ನು ಅವರೇ ಕೊಂಡು ಎಲ್ಲವನ್ನೂ ಒಂದು ಮಾಡುತ್ತಾರಂತೆ.

"ನಿನ್ನನ್ನು ಇಟ್ಟುಕೊಳ್ತಾರಾ?" ಎಂದು ಕೇಳಿದೆ.

"ನನ್ನನ್ನು ಇಟ್ಟುಕೊಳ್ತಾರೆ. ಈ ಟ್ರಿಪ್ಪನ್ನು ಇಟ್ಟುಕೊಳ್ತಾರೋ ಗೊತ್ತಿಲ್ಲ. ನೀನು ಬೇಗ ಬಾ ಮಾರಾಯ. ನನ್ನ ಬಸ್ಸಲ್ಲಿ ನೀನು ಒಂದು ಸಲ ಕೂಡ ಕೂತಿಲ್ಲ."

"ಕೂತರೆ ಟಿಕೆಟ್ ಕೇಳ್ತಿಯಾ?"

"ಕೇಳದೆ? ಡ್ರೈವರಿನ ಅಣ್ಣ ಅಂತ ಬಿಟ್ರೆ ಚೆಕಿಂಗಿನವ ನನ್ನ ಕುತ್ತಿಗೆ ಹಿಡೀತಾನೆ. ಸರಿ, ನನ್ನ ಟೈಮ್ ಆಯ್ತು. ಇಡ್ತೇನೆ."

ನಾನೂ ಲೋಟ ಕೆಳಗಿಟ್ಟು ಎದ್ದೆ. ಅಷ್ಟೇ ಆ ದಿನ. ಮರುದಿನ ಬೆಳಿಗ್ಗೆ ಅವನು ನಿದ್ದೆಯಿಂದ ಏಳಲಿಲ್ಲ. ಹೃದಯ ನಿಂತಿತ್ತು.

ಸುಧಾಕರ ಮೊದಲು ನನ್ನ ಬಸ್ಸಿನ ಕಂಡಕ್ಟರ್ ಆಗಿದ್ದ. ಬಸ್ಸಿನಲ್ಲಿ ಡ್ರೈವರು ಕಂಡಕ್ಟರನ ಮುಖ ನೋಡುವುದು ಕಡಿಮೆ. ಬೆನ್ನಿನ ಹಿಂದೆ ಅವನ ಧ್ವನಿ ಇರುತ್ತದೆ. ಉಳಿದವರು ಸೀಟಿ ಊದುತ್ತಿದ್ದರು. ಇವನು ಹಿಂದಿನ ಬಾಗಿಲಲ್ಲಿ ನಿಂತು ಬಸ್ಸಿನ ಮೈಗೆ ಅಂಗೈಯಿಂದ ಬಡಿಯುತ್ತಿದ್ದ. ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೊರಡು. ಆಮೇಲೆ ನಮ್ಮ ಧಣಿಗಳು ಪರ್ಮಿಟ್ಟಿನ ಸಮೇತ ಬಸ್ಸುಗಳನ್ನು ದೊಡ್ಡ ಧಣಿಗಳಿಗೆ ಮಾರಿದರು. ಅವರು ತಮ್ಮ ಕಂಡಕ್ಟರುಗಳನ್ನೇ ತಂದರು. ನಾನು ಉಳಿದೆ, ಸುಧಾಕರ ಗಲ್ಫಿಗೆ ಹೋದ. ಅಲ್ಲಿ ಬಸ್ಸು ಓಡಿಸಲು ಕಲಿತ. ನರ್ಸ್ ಆಗಿದ್ದ ಶೋಭಾಳನ್ನು ಮದುವೆಯಾಗಿ ಅವಳ ಕೆಲಸದ ಜೊತೆಗೆ ಕೆನಡಾಕ್ಕೆ ಹೋದ. ಅವನು ಸ್ಟೇರಿಂಗ್ ಹಿಡಿದು ಕುಳಿತದ್ದನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದು.

ನನ್ನ ವೀಸಾ ಬರುವಾಗ ಅಲ್ಲಿ ಎಲ್ಲ ಕಾರ್ಯ ಮುಗಿದು ತಿಂಗಳುಗಳಾಗಿದ್ದವು. ಇನ್ನು ಹೋಗಿ ಮಾಡುವುದೇನು ಎಂದು ಕೆಲವರು ಕೇಳಿದರು. ನನಗೆ ಒಂದೇ ಕೆಲಸ ಇತ್ತು. ತಮ್ಮ ಓಡಿಸಿದ ದಾರಿಯನ್ನು ಬಸ್ಸಿನಲ್ಲಿ ಕುಳಿತು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಬೇಕಿತ್ತು.

ಜಾರ್ಜ್‌ಟೌನ್

ನಾನು ಇಳಿದಾಗ ನಮ್ಮ ಕಡೆ ಸೆಕೆ ಶುರುವಾಗಿತ್ತು. ಅಲ್ಲಿ ರಸ್ತೆಯ ಬದಿಯಲ್ಲಿ ಹಳೆಯ ಹಿಮ ಕೊಳೆಯಾಗಿ ಗುಡ್ಡೆ ಬಿದ್ದಿತ್ತು. ಹಿಮ ಬೆಳ್ಳಗಿರುತ್ತದೆ ಎಂದು ನಂಬಿದ್ದೆ. ಕಾಂಕ್ರೀಟಿನ ಪುಡಿ ಸುರಿದ ಹಾಗೆ ಕಂಡಿತು. ಶೋಭಾ ವಿಮಾನ ನಿಲ್ದಾಣಕ್ಕೇ ಸುಧಾಕರನ ದಪ್ಪ ಜಾಕೆಟು ತಂದಿದ್ದಳು.

"ಹಾಕಿಕೊಳ್ಳಿ ಭಾವ. ನಿಮ್ಮ ಸ್ವೆಟರಿಗೆ ಇಲ್ಲಿಯ ಚಳಿ ನಗಾಡ್ತದೆ" ಎಂದಳು.

ಎದೆಯ ಮೇಲೆ ಹಳೆಯ ಕಂಪನಿಯ ಗುರುತು, ಹಳದಿ ಪಟ್ಟಿಯ ಒಂದು ಬಸ್ಸಿನ ಚಿತ್ರ, ಹೊಲಿದಿತ್ತು. ಜಾಕೆಟು ನನಗೆ ಸರಿಯಾಗಿ ಆಯಿತು. ಅದನ್ನು ನೋಡಿ ಶೋಭಾ ಮುಖ ತಿರುಗಿಸಿ ಕಾರಿನ ಕೀ ಹುಡುಕಿದಳು.

ಅವರ ಮನೆ ಸಾಲುಮನೆಗಳಲ್ಲಿ ಒಂದು. ಎಲ್ಲ ಮನೆಗಳ ಬಾಗಿಲೂ ಒಂದೇ ತರ. ಎರಡನೆಯ ದಿನ ವಾಕಿಂಗ್ ಹೋಗಿ ಬಂದವನು ಪಕ್ಕದ ಮನೆಯ ಬಾಗಿಲಿಗೆ ಕೀಲಿಕೈ ಹಾಕಿ ತಿರುಗಿಸುತ್ತಾ ನಿಂತೆ. ಒಳಗಿನಿಂದ ಒಬ್ಬ ಸರ್ದಾರ್ಜಿ ಬಂದು "ಗಲತ್ ಘರ್, ಅಂಕಲ್‌ಜಿ" ಎಂದು ನಗುತ್ತಾ ನನ್ನನ್ನು ಸರಿಯಾದ ಬಾಗಿಲಿಗೆ ತಂದು ಬಿಟ್ಟರು. ಊರಿನಲ್ಲಾದರೆ ಅವರು ಒಳಗೆ ಕೂರಿಸಿ, ನೀರು ಕೊಟ್ಟು, ಯಾರು, ಯಾವಾಗ ಬಂದದ್ದು, ಎಷ್ಟು ದಿನ ಎಂದು ವಿಚಾರಿಸದೆ ಬಿಡುತ್ತಿರಲಿಲ್ಲ. ಇವರು ಏನನ್ನೂ ಕೇಳಲಿಲ್ಲ. ಇಲ್ಲಿ ಹಾಗೆ ಕೇಳದಿರುವುದೇ ಮರ್ಯಾದೆ.

ಶೋಭಾಳಿಗೆ ವೃದ್ಧಾಶ್ರಮದ ಆಸ್ಪತ್ರೆಯಲ್ಲಿ ಕೆಲಸ, ಬೆಳಿಗ್ಗೆಯೇ ಹೊರಡುತ್ತಾಳೆ. ಮಗಳು ಅನು ಹೈಸ್ಕೂಲಿಗೆ ಹೋಗುತ್ತಾಳೆ. ಅನುವಿಗೆ ತುಳು, ಕನ್ನಡ ಎರಡೂ ಅರ್ಥವಾಗುತ್ತವೆ. ಬಾಯಿಯಿಂದ ಬರುವುದು ಇಂಗ್ಲಿಷ್. ಹಗಲೆಲ್ಲ ಮನೆಯಲ್ಲಿ ನಾನೊಬ್ಬನೇ. ಹೀಟರು ಗುಂಯ್ ಎನ್ನುತ್ತಿತ್ತು. ನಿಂತರೆ ಅದೂ ಇಲ್ಲ.

ಊಟದ ಹೊತ್ತಿಗೆ ಕ್ಲೈನ್‌ಬರ್ಗಿನ ಬಸ್ಸಿನ ವಿಷಯ ತೆಗೆದೆ.

"ಆ ರೂಟ್ ಈಗ ಉಂಟೋ ಇಲ್ವೋ ಭಾವ. ಕಂಪನಿಯೇ ಬೇರೆ ಆಯ್ತಲ್ಲ" ಎಂದು ಶೋಭಾ ತಮ್ಮನ ಫೋನು ತಂದು ತೋರಿಸಿದಳು. ಅದನ್ನು ಅವಳು ಈಗಲೂ ಚಾರ್ಜಿಗೆ ಇಡುತ್ತಾಳೆ. ಹೊಸ ಕಂಪನಿಯ ಸಂದೇಶಗಳು ಸುಧಾಕರನ ಹೆಸರಿಗೆ ಬರುತ್ತಲೇ ಇದ್ದವು. ನಮ್ಮ ಕುಟುಂಬಕ್ಕೆ ಸ್ವಾಗತ ಎಂದು ಒಂದು. ನಿಮ್ಮ ಹೊಸ ಯೂನಿಫಾರ್ಮಿನ ಅಳತೆ ತಿಳಿಸಿ ಎಂದು ಇನ್ನೊಂದು. ಹಳೆಯ ಕಂಪನಿಯವರು ಮಣ್ಣಿಗೆ ಬಂದಿದ್ದರು, ಹೂವು ಇಟ್ಟಿದ್ದರು. ಆದರೆ ಅವರ ಆಫೀಸು ಮುಚ್ಚಿ ಹೆಸರುಗಳನ್ನು ಹೊಸಬರಿಗೆ ಕೊಡುವಾಗ ತಮ್ಮನ ಹೆಸರೂ ಸೇರಿ ಹೋಗಿತ್ತು.

"ಹೇಳಿದೆ ಫೋನ್ ಮಾಡಿ" ಎಂದಳು ಶೋಭಾ. "ಸಾರಿ ಅಂತಾರೆ. ಮತ್ತೆ ಬರ್ತದೆ."

ಅನು ತನ್ನ ಫೋನಿನಲ್ಲಿ ಹುಡುಕಿ, "ಇಟ್ಸ್ ಸ್ಟಿಲ್ ರನ್ನಿಂಗ್, ದೊಡ್ಡಪ್ಪ" ಎಂದಳು. ಇನ್ನೂ ಓಡುತ್ತಿದೆ. ಬೆರಳು ಸರಿಸಿದಳು. "ಬಟ್ ದಿಸ್ ಸಂಡೇ ಈಸ್ ದ ಲಾಸ್ಟ್."

ನಾನು ಬಂದಿದ್ದು ಸರಿಯಾದ ವಾರಕ್ಕೇ. ಬರುವ ಭಾನುವಾರದ ಬಸ್ಸು ಕೊನೆಯದು.

ಮೆಡೋವೇಲ್

ಭಾನುವಾರದವರೆಗೆ ಮನೆಯಲ್ಲಿ ಕುಳಿತಿರಲು ಆಗಲಿಲ್ಲ. ವಾರದ ದಿನಗಳಲ್ಲಿ ಸುಧಾಕರ ಜಾರ್ಜ್‌ಟೌನಿನ ರೈಲು ನಿಲ್ದಾಣದಿಂದ ಮೆಡೋವೇಲಿನ ಆಫೀಸುಗಳಿಗೆ ಜನರನ್ನು ಒಯ್ಯುತ್ತಿದ್ದ. ಆ ಬಸ್ಸು ಇನ್ನೂ ಇತ್ತು. ಅನು ಬಸ್ಸಿನ ಟಿಕೆಟ್ ಕಾರ್ಡು ಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿ ಶಾಲೆಗೆ ಹೋದಳು.

ಬಸ್ಸಿಗೆ ಹೊಸ ಬೂದು ಬಣ್ಣ ಹೊಡೆದಿದ್ದರು. ನಮ್ಮಲ್ಲಿ ಬಸ್ಸಿಗೆ ಹೆಸರು ಇರುತ್ತದೆ, ದೇವರದ್ದೋ ಧಣಿಗಳ ಮಗಳದ್ದೋ. ಇಲ್ಲಿ ನಂಬರು ಮಾತ್ರ. ಡ್ರೈವರಿನ ಹಿಂದಿನ ಸೀಟು ಖಾಲಿ ಇತ್ತು, ಅಲ್ಲೇ ಕುಳಿತೆ. ಬಸ್ಸು ತುಂಬಿತ್ತು, ಆದರೆ ಯಾರೂ ಮಾತಾಡುತ್ತಿರಲಿಲ್ಲ. ಹಿಂದಿನಿಂದ ಮೈಸೂರು ಕಡೆಯ ಕನ್ನಡದಲ್ಲಿ ಒಬ್ಬಳು ಮೆಲ್ಲಗೆ ಫೋನಿನಲ್ಲಿ, "ಮೀಟಿಂಗ್ ಮುಗಿಸ್ಕೊಂಡು ಕಾಲ್ ಮಾಡ್ತೀನಿ ಅಮ್ಮ, ಪ್ಲೀಸ್" ಎಂದು ಹೇಳಿ ಇಟ್ಟಳು. ತಿರುಗಿ ನೋಡಿ ಮಾತಾಡಿಸೋಣ ಎನಿಸಿತು. ಅವಳು ಕಿವಿಗೆ ಏನೋ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು.

ಡ್ರೈವರು ನನ್ನ ಪ್ರಾಯದವನು. ಚೀನಾದವನೋ ಜಪಾನಿನವನೋ ಎಂದು ತಿಳಿಯಲಿಲ್ಲ. ಪ್ರತಿ ಸ್ಟಾಪಿನಿಂದ ಹೊರಡುವ ಮೊದಲು ಅವನು ಬಲಗಡೆಯ ಕನ್ನಡಿಗೆ ಬೆರಳು ತೋರಿಸಿ ಏನೋ ಹೇಳುತ್ತಿದ್ದ. ಮತ್ತೆ ಎಡಗಡೆಗೆ ತೋರಿಸಿ ಏನೋ ಹೇಳುತ್ತಿದ್ದ. ಮಂತ್ರ ಎಂದುಕೊಂಡೆ. ನಾವೂ ಬೆಳಿಗ್ಗೆ ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ. ಆದರೆ ಇವನದು ಪ್ರತಿ ಸ್ಟಾಪಿಗೂ ಇತ್ತು. ಅವನ ಬ್ರೇಕು ಬಹಳ ಮೃದು. ಇಳಿಯುವವರೆಲ್ಲ ಅವನಿಗೆ ಥ್ಯಾಂಕ್ಯೂ ಎಂದು ಹೇಳಿಯೇ ಇಳಿಯುತ್ತಿದ್ದರು. ಮೂವತ್ತು ವರ್ಷಕ್ಕೂ ಮೇಲಾಯಿತು ನಾನು ಬಸ್ಸು ಓಡಿಸಲು ತೊಡಗಿ. ಇಳಿಯುವಾಗ ಥ್ಯಾಂಕ್ಸ್ ಹೇಳಿದವರು ನೆನಪಿಲ್ಲ. ಇಳಿಯಬೇಕಾದಲ್ಲಿ ನಿಲ್ಲಿಸದಿದ್ದಾಗ ಬೈದವರೆಲ್ಲ ನೆನಪಿದ್ದಾರೆ.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ನಾನು ಹಿಂದಿನ ಬಾಗಿಲಿನಿಂದ ಇಳಿದೆ. ಬಾಗಿಲು ಮುಚ್ಚಿತು. ಬಸ್ಸು ಹೊರಡಲು ಒಂದು ಕ್ಷಣ ತಡವಾಯಿತು. ನನಗೆ ತಿಳಿಯದೆಯೇ ನನ್ನ ಕೈ ಬಸ್ಸಿನ ಮೈಗೆ ಎರಡು ಸಲ ಬಡಿಯಿತು.

ಆಗಷ್ಟೇ ಕದಲಿದ ಬಸ್ಸು ಗಕ್ಕನೆ ನಿಂತಿತು. ಎಲ್ಲ ದೀಪಗಳೂ ಮಿಣುಕತೊಡಗಿದವು. ಡ್ರೈವರು ಇಳಿದು ಓಡಿಬಂದು ಮೊದಲು ಚಕ್ರದ ಅಡಿಗೆ ಬಗ್ಗಿ ನೋಡಿದ, ಆಮೇಲೆ ಬಸ್ಸಿನ ಹಿಂದೆ ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು. ಇಲ್ಲಿ ಬಸ್ಸಿಗೆ ಯಾರೂ ಬಡಿಯುವುದಿಲ್ಲ. ಬಡಿದರೆ ಯಾರೋ ಚಕ್ರಕ್ಕೆ ಸಿಕ್ಕಿದ್ದಾರೆ ಎಂದೇ ಅರ್ಥವಂತೆ. ನಾನು ಕೈ ಮುಗಿದು "ಸಾರಿ, ಸಾರಿ, ಗೋ ಗೋ" ಎಂದೆ.

ಅವನು ಬೈಯಲು ಬಾಯಿ ತೆರೆದವನು ನನ್ನ ಜಾಕೆಟು ನೋಡಿದ. ಆಮೇಲೆ ಮುಖ ನೋಡಿದ. ತನ್ನ ಅಂಗೈಯಿಂದ ಗಾಳಿಯಲ್ಲಿ ಎರಡು ಸಲ ತಟ್ಟಿ ತೋರಿಸಿ, "ಎರಡು ಸಲ. ಹಾಗೆ ಬಡಿಯುತ್ತಿದ್ದವನು ಇಲ್ಲಿ ಒಬ್ಬನೇ" ಎಂದ.

ಕಾಫಿ ಅಂಗಡಿ

ಅವನ ಹೆಸರು ಕೆಂಜಿ. ಜಪಾನಿನವನು. ಇಲ್ಲಿ ಎಲ್ಲರೂ ಕೆನ್ ಎನ್ನುತ್ತಾರೆ. ಮುಂದಿನ ಟ್ರಿಪ್ಪಿನವರೆಗೆ ಅವನಿಗೆ ಬಿಡುವು ಇತ್ತು. ಆಫೀಸು ಕಟ್ಟಡಗಳ ಮಧ್ಯದ ಕಾಫಿ ಅಂಗಡಿಗೆ ಕರೆದುಕೊಂಡು ಹೋದ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ಅಳತೆಯವು. ಹಾಗಾಗಿ ಮಾತು ಸುಲಭವಾಯಿತು. ಸುಧಾಕರನ ಅಣ್ಣ ನಾನು ಎಂದು ಹೇಳಿದೆ.

ಡಿಪೋದಲ್ಲಿ ಬೆಳಿಗ್ಗೆ ಬಸ್ಸುಗಳು ಸಾಲಾಗಿ ಹೊರಡುವಾಗ ಸುಧಾಕರ ಪ್ರತಿಯೊಂದರ ಮೈಗೂ ಎರಡು ಬಡಿದು ಕಳುಹಿಸುತ್ತಿದ್ದನಂತೆ. ಮೊದಲ ದಿನ ಎಲ್ಲರೂ ಹೆದರಿ ಬ್ರೇಕು ಹಾಕಿದ್ದರಂತೆ. ಆಮೇಲೆ ಅವನು ಬಡಿಯದೆ ಯಾರೂ ಹೊರಡುತ್ತಿರಲಿಲ್ಲವಂತೆ.

"ಸುರಕ್ಷತೆಯ ಆಫೀಸರ್ ಬೈದರು. ಸುಡಾ ನನ್ನ ಬೆರಳು ತೋರಿಸಿ, 'ಇವನನ್ನು ಬಿಡ್ತೀರಿ, ನನ್ನನ್ನು ಯಾಕೆ ಬೈತೀರಿ' ಅಂದ" ಎಂದು ಕೆಂಜಿ ನಕ್ಕ. ಸುಧಾಕರ ಅವನ ಬಾಯಲ್ಲಿ ಸುಡಾ ಆಗಿದ್ದ. ಬೆರಳು ತೋರಿಸಿ ಬಾಯಲ್ಲಿ ಹೇಳಿದರೆ ಮನಸ್ಸು ಬೇರೆಡೆಗೆ ಹೋಗುವುದಿಲ್ಲವಂತೆ. ಬಲ ಸರಿ, ಎಡ ಸರಿ ಎಂದು ಅವನು ಹೇಳುವುದು. ಅವನ ತಂದೆಯೂ ಹಾಗೆಯೇ ಹೇಳುತ್ತಿದ್ದರಂತೆ.

ತಂದೆ ಜಪಾನಿನ ಉತ್ತರದ ಒಂದು ಸಣ್ಣ ಊರಿನ ಬಸ್ ಕಂಪನಿಯಲ್ಲಿ ಡ್ರೈವರು. ಕಂಪನಿಗೆ ಮೊದಲು ರೈಲೂ ಇತ್ತು, ಬಸ್ಸೂ ಇತ್ತು. ರೈಲು ಹೋಯಿತು. ಬಸ್ಸಿನಲ್ಲೂ ನಷ್ಟ ಬಂದಾಗ ಬೆಟ್ಟದ ಮೇಲಿನ ರೂಟುಗಳನ್ನು ಬೇರೆ ಮಾಡಿ ಒಂದು ಮರಿ ಕಂಪನಿ ಹುಟ್ಟಿಸಿದರು.

"ಅದೇ ಬಸ್ಸು, ಅದೇ ರಸ್ತೆ, ಅದೇ ಅಪ್ಪ" ಎಂದ ಕೆಂಜಿ. "ಟೋಪಿ ಹೊಸದು. ಸಂಬಳ ಕಡಿಮೆ. ಅಮ್ಮ ಟೋಪಿ ನೋಡಿ, ಇದು ನಿಮಗೆ ಚೆನ್ನಾಗಿ ಕಾಣ್ತದೆ ಅಂದ್ರು. ಬೇರೆ ಏನು ಹೇಳೋದು?"

ಕೆಲವು ವರ್ಷ ಕಳೆದ ಮೇಲೆ ಮರಿ ಕಂಪನಿಗಳನ್ನೆಲ್ಲ ಒಟ್ಟು ಸೇರಿಸಿ ಮತ್ತೆ ದೊಡ್ಡದು ಮಾಡಿದರು. ಇನ್ನೊಂದು ಟೋಪಿ ಬಂತು. ಮಳೆ ಬಂದು ಬಸ್ಸು ಒದ್ದೆಯಾದಾಗ ಹೊಸ ಬಣ್ಣದ ಅಡಿಯಿಂದ ಹಳೆಯ ಹೆಸರುಗಳು ಒಂದರ ಮೇಲೊಂದು ಕಾಣುತ್ತಿದ್ದವಂತೆ. ಬೆಟ್ಟದಲ್ಲಿ ಜನ ಕಡಿಮೆಯಾದರು, ರೂಟುಗಳು ಒಂದೊಂದೇ ನಿಂತವು. ಈಗಂತೂ ಜನ ಇರುವಲ್ಲೂ ಡ್ರೈವರು ಸಿಗದೆ ಬಸ್ಸು ನಿಲ್ಲುತ್ತಿದೆಯಂತೆ.

"ನಮ್ಮ ಬಸ್ಸಿನ ಎದುರಿಗೆ ಒಂದು ಬೋರ್ಡು ಇರ್ತದೆ, ಒನ್ ಮ್ಯಾನ್ ಅಂತ. ಕಂಡಕ್ಟರ್ ಇಲ್ಲ, ಒಬ್ಬನೇ ಅಂತ ಅರ್ಥ. ಕಂಡಕ್ಟರು ಹೋಗಿ ಎಷ್ಟೋ ಕಾಲ ಆಯ್ತು. ಬೋರ್ಡು ಉಂಟು."

"ನಮ್ಮ ಬಸ್ಸಿಗೆ ಮೂರು ಮಂದಿ ಬೇಕು" ಎಂದೆ. "ಡ್ರೈವರು, ಕಂಡಕ್ಟರು, ಮತ್ತೆ ಬಾಗಿಲಲ್ಲಿ ನೇತಾಡ್ಲಿಕ್ಕೆ ಒಬ್ಬ."

ಅವನು ಬಹಳ ಹೊತ್ತು ನಕ್ಕ. ನಗು ನಿಂತ ಮೇಲೆ ಕಪ್ಪನ್ನು ಮೇಜಿನ ಮೇಲೆ ತಿರುಗಿಸುತ್ತಾ, "ಸುಡಾ ಹೇಳುತ್ತಿದ್ದ" ಎಂದ. "ಇಲ್ಲಿ ಹೊರಡುವಾಗ ಹಿಂದಿನಿಂದ ಏನೂ ಕೇಳುವುದಿಲ್ಲ, ಅದು ಅಭ್ಯಾಸವೇ ಆಗಲಿಲ್ಲ ಅಂತ."

ಭಾನುವಾರದ ಬಸ್ಸಿನ ಬಗ್ಗೆ ಕೇಳಿದೆ. ಸುಧಾಕರನ ನಂತರ ಕೆಲವು ವಾರ ಕೆಂಜಿಯೇ ಆ ರೂಟು ಓಡಿಸಿದ್ದನಂತೆ. ಕಂಪನಿಗಳು ಒಂದಾದ ಮೇಲೆ ಡ್ರೈವರುಗಳನ್ನು ಹಂಚಿ ಅವನನ್ನು ಮೆಡೋವೇಲಿಗೆ ಹಾಕಿದರು. ಈ ಭಾನುವಾರಕ್ಕೆ ತನ್ನನ್ನು ಹಾಕಿ ಎಂದು ಕೇಳಿದ್ದಕ್ಕೆ, ಆಚೆಯ ವಿಭಾಗದ ಟ್ರಿಪ್ಪು ನಿನಗೆ ಬರುವುದಿಲ್ಲ ಎಂದರಂತೆ. ಮೊದಲಾದರೆ ಡಿಪೋದ ಕಿಟಕಿಗೆ ಹೋಗಿ ಇಬ್ಬರು ಡ್ರೈವರುಗಳು ಟ್ರಿಪ್ಪು ಬದಲಾಯಿಸಿಕೊಳ್ಳುತ್ತಿದ್ದರು. ಈಗ ಆ ಕಿಟಕಿ ಇಲ್ಲ.

"ಯಾರು ಓಡಿಸಿದ್ರೇನು" ಎಂದೆ. "ನಾನು ಕೂತುಕೊಂಡರೆ ಆಯ್ತು."

ಅವನು ತನ್ನ ನಂಬರು ಕೊಟ್ಟ. ಎದ್ದು ಬಸ್ಸಿನ ಹತ್ತಿರ ಹೋದ ಮೇಲೆ, ಯಾರೂ ನೋಡುತ್ತಿಲ್ಲವಷ್ಟೇ ಎಂದು ಆಚೀಚೆ ಕಣ್ಣು ಹಾಯಿಸಿ, "ಈಗ ಬಡಿ" ಎಂದ. ಬಡಿದೆ. ಅವನು ಹೊರಟ.

ರೈಲು ನಿಲ್ದಾಣದ ಸ್ಟಾಪು

ಭಾನುವಾರ ಬಿಸಿಲಿತ್ತು. ಶೋಭಾಳಿಗೆ ಶಿಫ್ಟು. ಹೋಗುವ ಮೊದಲು ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ನೀರುದೋಸೆ ಕಟ್ಟಿಕೊಟ್ಟಳು. ಅವಳಿಗೂ ಬರಬೇಕೆಂದಿತ್ತೋ ಏನೋ, ನಾನು ಕೇಳಲಿಲ್ಲ. ಅನು ನನ್ನ ಜೊತೆ ಸ್ಟಾಪಿನವರೆಗೆ ಬಂದಳು.

ನಮ್ಮನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಕೊನೆಯ ಬಸ್ಸು ಎಂದರೆ ನಮ್ಮೂರಿನಲ್ಲಿ ಯಾರಾದರೂ ಒಂದು ಮಾಲೆ ತರುತ್ತಿದ್ದರು, ಒಬ್ಬರು ಭಾಷಣ ಮಾಡುತ್ತಿದ್ದರು, ಪೇಪರಿನವರು ಬರುತ್ತಿದ್ದರು. ಇಲ್ಲಿ ಕಂಬಕ್ಕೆ ಒಂದು ಕಾಗದ ಅಂಟಿಸಿದ್ದರು, ಅಷ್ಟೇ.

ಹೊತ್ತು ಮೀರಿತು. ಬಸ್ಸು ಬರಲಿಲ್ಲ. ಎಂಜಿನಿನ ಶಬ್ದ ಕೇಳಿದಾಗಲೆಲ್ಲ ನಾನು ಬೆಂಚಿನಿಂದ ಎದ್ದೆ. ಒಮ್ಮೆ ಸಾಮಾನಿನ ಲಾರಿ, ಒಮ್ಮೆ ಚರ್ಚಿನ ವ್ಯಾನು. ಅನು ಫೋನು ನೋಡುತ್ತಲೇ ಇದ್ದವಳು ತಲೆ ಎತ್ತದೆ, "ದೊಡ್ಡಪ್ಪ..." ಎಂದಳು. ಅವಳ ಕಣ್ಣಲ್ಲಿ ನೀರಿತ್ತು. "ಇಟ್ಸ್ ಕ್ಯಾನ್ಸಲ್ಡ್."

"ಯಾಕಂತೆ?"

ಅವಳಿಗೆ ಕನ್ನಡದಲ್ಲಿ ಹೇಳಬೇಕೆನಿಸಿತು. ಪದ ಹುಡುಕಿ ಹುಡುಕಿ, "ಡ್ರೈವರ್ ಇಲ್ಲ ಅಂತೆ" ಎಂದಳು.

ನಾನು ಆ ಬೆಂಚಿನ ಮೇಲೆ ಮತ್ತೆ ಕುಳಿತೆ. ಡ್ರೈವರು ಇಲ್ಲವೆಂದು ಬರದ ಬಸ್ಸಿಗೆ ಕಾಯುತ್ತಿದ್ದವನು ಒಬ್ಬ ಡ್ರೈವರು. ಹೇಳಿದರೆ ನಗು ಬರುವ ಮಾತು. ನನ್ನ ಎರಡೂ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಅನು ಪಕ್ಕದಲ್ಲಿ ಕುಳಿತು ನನ್ನ ತೋಳಿಗೆ, ಅಂದರೆ ಅವಳ ಅಪ್ಪನ ಜಾಕೆಟಿನ ತೋಳಿಗೆ, ತಲೆ ಇಟ್ಟಳು. ಡಬ್ಬಿ ತೆರೆದೆ. ಇಬ್ಬರೂ ತಣ್ಣಗಾದ ನೀರುದೋಸೆ ತಿಂದೆವು.

ಅವಳೇ ಕೆಂಜಿಗೆ ಫೋನು ಮಾಡಿದಳು. ಅವನಿಗೆ ಆ ದಿನ ರಜೆ.

ದಿಬ್ಬ

ಕೆಂಜಿ ತನ್ನ ಕಾರಿನಲ್ಲಿ ಬಂದ. ನೆಲಕ್ಕೆ ತಾಗುವಂಥ ಸಣ್ಣ ಕಾರು. ಅನು ಓದಲಿಕ್ಕುಂಟೆಂದು ಮನೆಗೆ ಹೋದಳು. "ಬಸ್ಸು ನಿಲ್ಲುವ ಎಲ್ಲ ಕಡೆ ನಿಲ್ಲಿಸುತ್ತೇನೆ" ಎಂದ ಕೆಂಜಿ. ಹಾಗೆಯೇ ಮಾಡಿದ. ಯಾರೂ ಇಲ್ಲದ ಸ್ಟಾಪುಗಳಲ್ಲಿ ಕಾರು ನಿಲ್ಲಿಸಿ, ಕನ್ನಡಿಗೆ ಬೆರಳು ತೋರಿಸಿ, ಮತ್ತೆ ಹೊರಟ. ಒಂದೆರಡು ಕಡೆ ಹಿಂದಿನಿಂದ ಬಂದ ಕಾರಿನವರು ಹಾರನ್ ಹೊಡೆದರು. ಬಂದ ಮೇಲೆ ಆ ದೇಶದಲ್ಲಿ ನಾನು ಕೇಳಿದ ಮೊದಲ ಹಾರನ್ ಅದು.

ಊರು ಮುಗಿದ ಮೇಲೆ ರಸ್ತೆ ಹೊಲಗಳ ನಡುವೆ ಹೋಗುತ್ತದೆ. ದೊಡ್ಡ ದೊಡ್ಡ ಬಯಲು, ಅಲ್ಲಲ್ಲಿ ಕುದುರೆಗಳು, ಒಂದು ಮನೆಗೂ ಇನ್ನೊಂದಕ್ಕೂ ಕೂಗಿದರೆ ಕೇಳದಷ್ಟು ದೂರ. ಇಂಥಲ್ಲಿ ಅವನು ಪ್ರತಿ ಭಾನುವಾರ ಹೆಚ್ಚುಕಡಿಮೆ ಖಾಲಿ ಬಸ್ಸು ಓಡಿಸಿದ್ದ. ನನಗೆ ಹೆಬ್ರಿಯ ದಾರಿಯಲ್ಲಿ ಪ್ರತಿ ತಿರುವಿನಲ್ಲಿ ಕೈ ಎತ್ತುವವರು ಇದ್ದಾರೆ.

ಒಂದು ಫಾರ್ಮಿನ ಗೇಟಿನ ಎದುರು, ಸ್ಟಾಪಿನ ಕಂಬದ ಬಳಿ ಒಬ್ಬ ಅಜ್ಜಿ ಟೋಪಿ ಹಾಕಿಕೊಂಡು ಬುಟ್ಟಿ ಹಿಡಿದು ನಿಂತಿದ್ದರು. ಕೆಂಜಿ ನಿಲ್ಲಿಸಿ ಗಾಜು ಇಳಿಸಿದ.

"ಬಸ್ಸು ಇಲ್ಲ, ಡೊರೊತಿ."

"ಆಗಲೇ ಇಲ್ಲವಾ? ಇವತ್ತು ಕೊನೆಯದು ಅಂದಿದ್ದರು."

"ಅದೂ ಬರಲಿಲ್ಲ. ಹತ್ತಿ."

ಅಜ್ಜಿ ಹಿಂದಿನ ಸೀಟಿನಲ್ಲಿ ಕುಳಿತು ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ಅವರ ಗಂಡ ಕ್ಲೈನ್‌ಬರ್ಗಿನ ಹತ್ತಿರ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಭಾನುವಾರ ನೋಡಲು ಹೋಗುವುದು ಈ ಬಸ್ಸಿನಲ್ಲೇ. ಮುಂದಿನ ವಾರ ಏನು ಮಾಡುತ್ತೀರಿ ಎಂದು ಕೆಂಜಿ ಕೇಳಿದ. "ಮುಂದಿನ ವಾರ ಬರಲಿ, ನೋಡುವ" ಎಂದರು. ಆಮೇಲೆ ನಾನು ಯಾರೆಂದು ಕೇಳಿದರು. ಕೆಂಜಿ ಹೇಳಿದ. ಅಜ್ಜಿ ಬುಟ್ಟಿಯನ್ನು ಬದಿಗಿಟ್ಟರು. ಹಿಂದಿನಿಂದ ಕೈ ಚಾಚಿ ನನ್ನ ಭುಜ ಮುಟ್ಟಿದರು.

"ನಾನು ಕೂತ ಮೇಲೆಯೇ ಅವನು ಬಸ್ಸು ಬಿಡುತ್ತಿದ್ದ. ಬೇರೆಯವರು ಹಾಗಲ್ಲ. ಕನ್ನಡಿಯಲ್ಲಿ ನೋಡಿ, 'ರೈಟ್, ಮೇಡಂ?' ಅಂತ ಕೇಳುತ್ತಿದ್ದ. ನಾನು 'ರೈಟ್' ಅಂದರೆ ಮಾತ್ರ ಹೊರಡುವುದು."

ರೈಟ್ ಎನ್ನುವುದು ಕಂಡಕ್ಟರು ಡ್ರೈವರಿಗೆ ಹೇಳುವ ಮಾತು. ಅವನು ಅದನ್ನು ಈ ಅಜ್ಜಿಯಿಂದ ಹೇಳಿಸಿಕೊಳ್ಳುತ್ತಿದ್ದ. ನಾನು ಎದುರಿನ ರಸ್ತೆ ನೋಡುತ್ತಾ ಕುಳಿತೆ.

ಮುಂದೆ ಒಂದು ಏರು ಬಂತು. ಸೆಕೆಂಡ್ ಗೇರಿಗೆ ಇಳಿಸಬೇಕಾದ ಏರು. ದಿಬ್ಬದ ನೆತ್ತಿ ಬರುತ್ತಿದ್ದಂತೆ ಅಜ್ಜಿ ಕೆಂಜಿಯ ಸೀಟಿಗೆ ತಟ್ಟಿದರು.

"ಇಲ್ಲಿ, ಇಲ್ಲಿ. ಇಲ್ಲಿ ಅವನು ನಿಧಾನ ಮಾಡುತ್ತಿದ್ದ. ನಾನೊಬ್ಬಳೇ ಇದ್ದರೆ ನಿಲ್ಲಿಸಿಯೇ ಬಿಡುತ್ತಿದ್ದ. ಬಲಗಡೆ ನೋಡಿ ಅನ್ನುತ್ತಿದ್ದ. ಇಡೀ ಟೊರೊಂಟೊ ಪೇಟೆ ಬೆಂಕಿಪೆಟ್ಟಿಗೆಯ ಹಾಗೆ ಸಣ್ಣದಾಗಿ ಕಾಣುತ್ತದೆ. ಅದರ ಹಿಂದೆ ಸರೋವರ, ಒಂದು ಗೆರೆಯ ಹಾಗೆ. ಅವನು ಅದನ್ನು ಸರೋವರ ಅನ್ನುತ್ತಿರಲಿಲ್ಲ. ನಿಮ್ಮ ಭಾಷೆಯಲ್ಲಿ ಏನೋ ಹೇಳುತ್ತಿದ್ದ."

"ಕಡಲ್?" ಎಂದೆ. ತುಳುವಿನಲ್ಲಿ ನಾವು ಹಾಗೆನ್ನುತ್ತೇವೆ.

"ಅದೇ. ಅದೇ."

ಕೆಂಜಿ ಕಾರು ಬದಿಗೆ ಹಾಕಿದ. ನಾನು ಬಲಗಡೆ ನೋಡಿದೆ. ರಸ್ತೆಯುದ್ದಕ್ಕೂ ಗೋಡೆಯ ಹಾಗೆ ಒತ್ತಾಗಿ ಬೆಳೆದ ಸೀಡರ್ ಗಿಡಗಳ ಬೇಲಿ. ಕಾರಿನಿಂದ ಬೇರೇನೂ ಕಾಣಲಿಲ್ಲ. ಇಳಿದೆ. ನಿಂತರೂ ಬೇಲಿ ನನಗಿಂತ ಎತ್ತರ. ತುದಿಗಾಲಲ್ಲಿ ನಿಂತೆ. ಆಚೆ ಹೋಗಲು ಸಂದು ಇದೆಯೇ ಎಂದು ಕೆಂಜಿ ಬೇಲಿಯುದ್ದಕ್ಕೂ ಓಡಿ ಹೋಗಿ ನೋಡಿ ಬಂದ. ಒಳಗೆ ಮುಳ್ಳುತಂತಿ, ಯಾರದೋ ಖಾಸಗಿ ಜಾಗ ಎಂಬ ಬೋರ್ಡು. ಕೊನೆಗೆ ಕಾರಿನ ಬಾಗಿಲು ತೆರೆದು, ಅದರ ಅಂಚಿನ ಮೇಲೆ ಕಾಲಿಟ್ಟು, ಛಾವಣಿ ಹಿಡಿದು ಮೇಲೆದ್ದೆ. ಕೆಂಜಿ ನನ್ನ ಸೊಂಟ ಹಿಡಿದುಕೊಂಡ. ಈ ಪ್ರಾಯದಲ್ಲಿ ಇಬ್ಬರು ಡ್ರೈವರುಗಳು ರಸ್ತೆಯ ಬದಿಯಲ್ಲಿ ಹಾಗೆ ನಿಂತದ್ದು ಯಾರಾದರೂ ನೋಡಿದ್ದರೆ ಪೊಲೀಸರಿಗೆ ಫೋನು ಮಾಡುತ್ತಿದ್ದರು.

ಗಿಡಗಳ ತುದಿ ಕಂಡಿತು, ಅದರ ಮೇಲೆ ಆಕಾಶ. ಅಷ್ಟೇ.

"ಕಾರಿನಿಂದ ಕಾಣುವುದಿಲ್ಲ" ಎಂದರು ಅಜ್ಜಿ, ಒಳಗಿನಿಂದ, ತಪ್ಪು ತಮ್ಮದೇ ಎಂಬಂತೆ. "ಬಸ್ಸಿನ ಸೀಟಿನಲ್ಲಿ ಕೂತರೆ ಕಾಣುತ್ತದೆ."

ಅದು ನನಗೆ ಗೊತ್ತಿತ್ತು. ಬಸ್ಸಿನ ಸೀಟಿನಿಂದ ಪಾಗಾರದ ಗೋಡೆಯ ಆಚೆಯ ಅಂಗಳ ಕಾಣುತ್ತದೆ, ಒಣಗಲು ಹಾಕಿದ ಬಟ್ಟೆ ಕಾಣುತ್ತದೆ, ಸೇತುವೆಯ ಕಟ್ಟೆಯ ಕೆಳಗೆ ಹೊಳೆ ಎಷ್ಟು ಬಂದಿದೆಯೆಂದು ಕಾಣುತ್ತದೆ. ಅದೇ ರಸ್ತೆಯಲ್ಲಿ ಕಾರಿನಲ್ಲಿ ಹೋದಾಗ ನಾನೇ ದಾರಿ ತಪ್ಪಿದವನ ಹಾಗೆ ಆಚೀಚೆ ನೋಡುವುದುಂಟು.

ಕ್ಲೈನ್‌ಬರ್ಗ್

ಹಿಂತಿರುಗುವಾಗ ಕರೆದುಕೊಂಡು ಹೋಗುತ್ತೇವೆಂದು ಹೇಳಿ ಅಜ್ಜಿಯನ್ನು ವೃದ್ಧಾಶ್ರಮದ ಬಾಗಿಲಲ್ಲಿ ಇಳಿಸಿದೆವು. ಅವರು ಬುಟ್ಟಿಯಿಂದ ಎರಡು ಮಫಿನ್ ತೆಗೆದು ಕೊಟ್ಟು, ಕಾರಿಗೂ ಥ್ಯಾಂಕ್ಯೂ ಹೇಳಿ ಒಳಗೆ ಹೋದರು.

ಕ್ಲೈನ್‌ಬರ್ಗ್ ಚೆಂದದ ಊರು. ಹಳೆಯ ಕಾಲದ ಒಂದೇ ಪೇಟೆಬೀದಿ, ಅದರ ಆಚೆ ಹೊಸ ಬಂಗಲೆಗಳು, ಚಿತ್ರಗಳ ಒಂದು ದೊಡ್ಡ ಗ್ಯಾಲರಿ. ಮಕ್ಕಳನ್ನು ಕರೆದುಕೊಂಡು ಜನ ಕಾರುಗಳಲ್ಲಿ ಬಂದಿದ್ದರು. ಬಸ್ಸು ಬರಲಿಲ್ಲವೆಂದು ಯಾರಿಗೂ ತಿಳಿದ ಹಾಗೆ ಕಾಣಲಿಲ್ಲ. ಕೊನೆಯ ಸ್ಟಾಪಿನ ಬೋರ್ಡಿಗೆ ಆಗಲೇ ಕಪ್ಪು ಪ್ಲಾಸ್ಟಿಕ್ ಚೀಲ ತೊಡಿಸಿ ಕಟ್ಟಿದ್ದರು. ಸುಧಾಕರ ಬಸ್ಸು ನಿಲ್ಲಿಸುತ್ತಿದ್ದ ಜಾಗವನ್ನು ಕೆಂಜಿ ತೋರಿಸಿದ. ಅಲ್ಲಿ ಎರಡು ಕಾರುಗಳು ನಿಂತಿದ್ದವು.

ಕೆಂಜಿ ಮತ್ತು ನಾನು ಫ್ಲಾಸ್ಕಿನ ಚಹಾ ಹಂಚಿಕೊಂಡೆವು. ಅವನಿಗೆ ಸಿಹಿ ಹೆಚ್ಚಾಯಿತು, ಆದರೂ ಪೂರ್ತಿ ಕುಡಿದ. ಹೊಸ ಕಂಪನಿಯಲ್ಲಿ ಎಷ್ಟು ದಿನ ಇರುತ್ತೀಯ ಎಂದು ಕೇಳಿದೆ. ಟೋಪಿ ತಲೆಗೆ ಹೊಂದುವಷ್ಟು ದಿನ ಎಂದ. ಅವನು ಹೋಗುವ ಅಂದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದೆ.

ಊರಿಗೆ ಬಂದ ಮೇಲೆ ಎಲ್ಲರೂ ಕೇಳುತ್ತಾರೆ, ಕೆನಡಾದಲ್ಲಿ ಎಂತೆಂತ ನೋಡಿದಿರಿ ಎಂದು. ತಮ್ಮನ ಮನೆ ನೋಡಿದೆ. ಅವನು ಬಡಿಯುತ್ತಿದ್ದ ಬಸ್ಸು ನೋಡಿದೆ. ಅವನ ದಾರಿಯನ್ನು ತುದಿಯಿಂದ ತುದಿಯವರೆಗೆ ಕಾರಿನಲ್ಲಿ ನೋಡಿದೆ. ಆ ದಿಬ್ಬದ ಮೇಲೆ ನಿಲ್ಲಿಸಿ ಅವನು ತೋರಿಸುತ್ತಿದ್ದ ನೀರನ್ನು ನಾನು ನೋಡಿಲ್ಲ. ಅಲ್ಲಿಗೆ ಈಗ ಬಸ್ಸು ಇಲ್ಲ.